ಬರ್ತೀನಿ ಎನ್ನದ ಮನೆ

ಹೊರನಾಡಿನ ದೇವಸ್ಥಾನಕ್ಕೆ ಹೋಗುವ ಬಸ್ಸುಗಳೆಲ್ಲ ಮನೆಯ ಮುಂದೆಯೇ ಹಾದುಹೋಗುವ ಊರಿನಲ್ಲಿ ದೇವರನ್ನು ನಂಬದೆ ಇದ್ದರೆ, ವಾರಕ್ಕೊಂದಾದರೂ ಇಂಥ ಪ್ರಸಂಗ ನಡೆಯುತ್ತಲೇ ಇರುತ್ತದೆ.

ನಾನು ಬಾಳೂರಿನ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ನಮ್ಮವರು ಎಸ್ಟೇಟೊಂದರಲ್ಲಿ ರೈಟರ್ ಆಗಿದ್ದರು. ಆಳುಗಳ ಹಾಜರಿ ಬರೆಯುವ ಕೆಲಸ. ಇಬ್ಬರಿಗೂ ದೇವರಲ್ಲಿ ನಂಬಿಕೆ ಇರಲಿಲ್ಲ. ಕಳೆದ ವರ್ಷ ಅವರು ತೀರಿಕೊಂಡಾಗ, ಅವರ ಇಚ್ಛೆಯಂತೆ ದೇಹವನ್ನು ಮೆಡಿಕಲ್ ಕಾಲೇಜಿಗೆ ಕೊಟ್ಟೆ. ಕರ್ಮ, ಹನ್ನೊಂದನೆಯ ದಿನದ ಊಟ, ಯಾವುದನ್ನೂ ಮಾಡಲಿಲ್ಲ.

ಎಡವಟ್ಟಾದದ್ದು ಅಲ್ಲೇ. ಸಾವಿನ ಮನೆಯಿಂದ ಹೊರಡುವವರು ‘ಬರ್ತೀನಿ’ ಎನ್ನಬಾರದು, ಸುಮ್ಮನೆ ಎದ್ದು ಹೋಗಬೇಕು. ಹನ್ನೊಂದರ ಊಟವಾಗಿ ಸೂತಕ ಕಳೆದ ಮೇಲೆ ಮತ್ತೆ ಹೇಳಬಹುದು. ನಮ್ಮ ಮನೆಯಲ್ಲಿ ಆ ಊಟವೇ ಆಗಿರಲಿಲ್ಲ. ಹಾಗಾಗಿ ಏಳು ತಿಂಗಳು ಕಳೆದರೂ ಯಾರೂ ಆ ಮಾತು ಹೇಳಲಿಲ್ಲ. ಜನ ಬರುತ್ತಿದ್ದರು, ಕೂರುತ್ತಿದ್ದರು. ನಾನು ಒಳಗಿನಿಂದ ಕಾಫಿ ತರುವಷ್ಟರಲ್ಲಿ ಕುರ್ಚಿ ಖಾಲಿ. ಬಾಗಿಲ ಬಳಿ ನಮ್ಮವರ ಚಪ್ಪಲಿ ಮಾತ್ರ ಇರುತ್ತಿತ್ತು; ಅದನ್ನು ಎತ್ತಿಡಲು ನನ್ನಿಂದ ಆಗಿರಲಿಲ್ಲ. ಆ ಒಂದು ಮಾತು ಕೇಳಿಸದೆ ಮನೆ ಮನೆಯ ಹಾಗೇ ಇರಲಿಲ್ಲ.

೧. ಸೀಟು

ಆಸ್ಪತ್ರೆಯಲ್ಲಿ ಕೊನೆಯ ವಾರ. ಪಕ್ಕದ ಹಾಸಿಗೆಯ ಅಜ್ಜನಿಗೆ ದಿನವಿಡೀ ಪರಲೋಕದ್ದೇ ಚಿಂತೆ. ಒಂದು ಮಧ್ಯಾಹ್ನ ನಮ್ಮವರನ್ನು ಕೇಳಿದರು: “ಸತ್ತ ಮೇಲೆ ಎಲ್ಲಿಗೆ ಹೋಗೋದು ಅಂತ ಇದೀರಿ ಮಾರಾಯ್ರೆ?”

“ಮೆಡಿಕಲ್ ಕಾಲೇಜಿಗೆ.”

ಅಜ್ಜನಿಗೆ ಕಿವಿ ಸ್ವಲ್ಪ ಮಂದ, ನೆನಪು ಇನ್ನೂ ಮಂದ. “ಒಳ್ಳೇದಾಯ್ತು. ಸೀಟು ಸಿಕ್ತಾ?”

“ಸಿಕ್ತು,” ಎಂದರು ನಮ್ಮವರು. “ಪೂರ್ತಿ ಡೊನೇಶನ್ ಮೇಲೆ.”

೨. ಚೆಕ್‌ಪೋಸ್ಟ್

ನಾನು ಶಾಲೆಗೆ ಮರಳಿದ ಮೊದಲ ವಾರವೇ ಜೀವದ ಉಗಮದ ಪಾಠ. ಮೊದಲ ಜೀವ ಸಮುದ್ರದ ತಳದ ಬಿಸಿನೀರಿನಲ್ಲಿ ಹುಟ್ಟಿರಬಹುದು, ಆಕಾಶದಿಂದ ಬಿದ್ದ ಕಲ್ಲಿನ ಜೊತೆ ಹೊರಗಿನಿಂದ ಬಂದಿರಬಹುದು ಎಂದೂ ಕೆಲವರು ಊಹಿಸುತ್ತಾರೆ, ಖಚಿತವಾಗಿ ಗೊತ್ತಿಲ್ಲ ಎಂದೆ. ಟೀಚರ್ ಬಾಯಲ್ಲಿ ‘ಗೊತ್ತಿಲ್ಲ’ ಕೇಳಿ ತರಗತಿಗೆ ಬಹಳ ಸಂತೋಷವಾಯಿತು.

“ಹೊರಗಿನಿಂದ ಅಂದ್ರೆ, ಬಾಬಾ ಹೊರದೇಶದಿಂದ ಏಳು ಕಾಫಿ ಬೀಜ ಬಚ್ಚಿಟ್ಟುಕೊಂಡು ಬಾಬಾಬುಡನ್‌ಗಿರಿಗೆ ತಂದ್ರಲ್ಲ, ಹಾಗಾ ಟೀಚರ್?” ಎಂದಳು ಮುಂದಿನ ಬೆಂಚಿನ ಹುಡುಗಿ.

“ಹೆಚ್ಚುಕಡಿಮೆ ಹಾಗೇ. ಆದರೆ ಇಲ್ಲಿ ತಂದವರು ಅಂತ ಯಾರೂ ಬೇಕಾಗಿಲ್ಲ. ತಾನಾಗಿಯೇ ಬಂದಿರಬಹುದು.”

ಅವಳು ಯೋಚಿಸಿ ಪಕ್ಕದವಳಿಗೆ ಮೆಲ್ಲಗೆ ಬಿಡಿಸಿ ಹೇಳಿದಳು: “ಅದಕ್ಕೇ ಚೆಕ್‌ಪೋಸ್ಟಲ್ಲಿ ಹಿಡೀಲಿಲ್ಲ ಮಾರಾಯ್ತಿ. ಗಾಡೀಲಿ ಡ್ರೈವರೇ ಇರ್ಲಿಲ್ಲ.”

೩. ಕೀಲಿ

ನಮ್ಮ ಮನೆಯ ಎದುರು ಜೀಪು ರಿಪೇರಿಯ ಗ್ಯಾರೇಜಿದೆ. ಅದರ ಮೆಕ್ಯಾನಿಕ್ ಸಾಹೇಬರು ನಮ್ಮವರ ಗೆಳೆಯರು. ಊರಿಗೆ ಹೋಗುವಾಗಲೆಲ್ಲ ಗ್ಯಾರೇಜಿನ ಕೀಲಿಯನ್ನು ನನ್ನ ಕೈಗೆ ಕೊಡುತ್ತಾರೆ. ಪಕ್ಕದ ದಿನಸಿ ಅಂಗಡಿಯ ಅಮ್ಮ, ದಿನಾ ವಿಭೂತಿ ಹಚ್ಚಿಕೊಂಡೇ ಅಂಗಡಿ ತೆರೆಯುವವರು, ಒಮ್ಮೆ ನನ್ನೆದುರೇ ಕೇಳಿದರು: “ದೇವರ ಭಯ ಇಲ್ಲದವರ ಕೈಲಿ ಕೀಲಿ ಕೊಡ್ತೀರಲ್ಲ ಸಾಹೇಬ್ರೆ?”

“ಭಯ ಇರೋರು ತಪ್ಪು ಮಾಡಿ ಆಮೇಲೆ ದೇವರ ಹತ್ರ ಮಾಫಿ ಕೇಳ್ಕೋತಾರೆ,” ಎಂದರು ಸಾಹೇಬರು. “ಟೀಚರಿಗೆ ಮಾಫಿ ಕೇಳೋಕೆ ಯಾರಿದಾರೆ? ಪಾಪ, ಅವ್ರು ಸರಿಯಾಗೇ ಇರ್ಬೇಕು.”

ಮರುದಿನ ಅಮ್ಮ ತಮ್ಮ ಅಂಗಡಿಯ ಇನ್ನೊಂದು ಕೀಲಿ ತಂದು, “ನಮ್ಮದೂ ಇರ್ಲಿ,” ಎಂದು ಕೊಟ್ಟು, ಬರ್ತೀನಿ ಎನ್ನದೆ ಹೋದರು. ಈಗ ನನ್ನ ಗೋಡೆಯ ಮೊಳೆಯಲ್ಲಿ ಮೂರು ಕೀಲಿ ನೇತಾಡುತ್ತಿವೆ. ಮೂರನೆಯದು ದೇವಸ್ಥಾನದ ಉಗ್ರಾಣದ್ದು.

೪. ಐದೂವರೆ ಗಂಟೆ

ಕೊನೆಗೆ ತಾಳ್ಮೆ ಕಳೆದುಕೊಂಡವರೂ ಅಂಗಡಿಯ ಅಮ್ಮನೇ. “ನಿಮ್ಮ ಮನೆ ಸೂತಕ ಯಾವಾಗ ಮುಗಿಯುತ್ತೆ ಟೀಚರ್?”

“ನನಗೆ ಸೂತಕ ಇಲ್ಲವಲ್ಲ ಅಮ್ಮ.”

“ನಿಮಗಿಲ್ಲ. ನಮಗಿದೆಯಲ್ಲ? ಎಷ್ಟು ದಿನ ಅಂತ ಕಳ್ಳರ ಹಾಗೆ ಎದ್ದು ಹೋಗೋದು? ಪೂಜೆ ಬೇಡ, ಒಂದು ಕಾಫಿನಾದ್ರೂ ಕುಡಿಸಿ ಮುಗಿಸಿ.”

ನ್ಯಾಯವಾದ ಮಾತು. ಶಾಲೆಯ ಅಭ್ಯಾಸ, ಒಂದು ಸರ್ಕ್ಯುಲರ್ ಬರೆದು ಮನೆಮನೆಗೆ ಕೊಟ್ಟೆ: ‘ಭಾನುವಾರ ನಾಲ್ಕು ಗಂಟೆಗೆ ಕಾಫಿ. ಐದೂವರೆಗೆ ಮುಕ್ತಾಯ. ಹೊರಡುವಾಗ ಎಲ್ಲರೂ ಬರ್ತೀನಿ ಎನ್ನತಕ್ಕದ್ದು.’

ಬೀದಿಯೇ ಬಂತು. ಆಸ್ಪತ್ರೆಗೆ ಜೀಪು ಓಡಿಸಿದವರು, ತಿಂಗಳುಗಟ್ಟಲೆ ಹೇಳದೆ ಕೇಳದೆ ಸೊಪ್ಪು ತಂದಿಟ್ಟವರು, ನಾನು ಊಟ ಮಾಡಿದೆನೇ ಎಂದು ಕಿಟಕಿಯಲ್ಲಿ ಇಣುಕಿ ನೋಡಿದವರು. “ಇಷ್ಟು ಜನ ಸಿಕ್ಕಿದ್ದಕ್ಕೆ ನೀವು ಯಾರಿಗೆ ಕೈ ಮುಗೀತೀರಿ?” ಎಂದು ಅಮ್ಮ ಕೇಳಿದರು. “ನಿಮಗೇ,” ಎಂದು ಕೈ ಮುಗಿದೆ. ಅವರಿಗೆ ಮುಜುಗರವಾಗಿ ಇನ್ನೊಂದು ಚಕ್ಕುಲಿ ತೆಗೆದುಕೊಂಡರು.

ಐದೂವರೆಯಾಯಿತು. ಒಬ್ಬರೂ ಏಳಲಿಲ್ಲ. ಸಾವಿನ ಮನೆಯಲ್ಲಿ ಆ ಮಾತನ್ನು ಮೊದಲು ಹೇಳುವವರು ಯಾರು? ಐದೂಮುಕ್ಕಾಲಿಗೆ ಸಾಹೇಬರು ಧೈರ್ಯ ಮಾಡಿ ಎದ್ದರು. ಇಡೀ ಕೋಣೆ ಅವರ ಬಾಯನ್ನೇ ನೋಡುತ್ತಿತ್ತು. ಗಾಬರಿಯಲ್ಲಿ ಅವರು, “ಟೀಚರ್, ಹೋಗ್ತೀನಿ,” ಎಂದುಬಿಟ್ಟರು.

ಸೂತಕವಿಲ್ಲದ ಮನೆಯಲ್ಲೂ ಆಡಬಾರದ ಮಾತು. ಅಂಗಡಿಯ ಅಮ್ಮ ಹಣೆ ಚಚ್ಚಿಕೊಂಡರು. “ಕೂತ್ಕೊಳ್ಳಿ. ಇನ್ನೊಂದು ಲೋಟ ಕಾಫಿ ಕುಡೀರಿ. ಮತ್ತೆ ಮೊದಲಿಂದ.”

ಸಾಹೇಬರು ಕೂತರು, ಕುಡಿದರು, ಎದ್ದರು. “ಬರ್ತೀನಿ ಟೀಚರ್.”

“ಬನ್ನಿ,” ಎಂದೆ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಹೇಳಿದರು. ಅಮ್ಮ ಎರಡು ಸಲ ಹೇಳಿದರು.

ಎಲ್ಲರೂ ಹೊರಟ ಮೇಲೆ ಲೋಟ ತೊಳೆಯುತ್ತಿದ್ದೆ. ಬಾಗಿಲಲ್ಲಿ ಮತ್ತೆ ಸಾಹೇಬರು. “ಬರ್ತೀನಿ ಅಂದಿದ್ನಲ್ಲ, ಬಂದೆ,” ಎಂದು ಕಾಲು ತೋರಿಸಿದರು. “ಗಡಿಬಿಡೀಲಿ ರೈಟ್ರ ಚಪ್ಪಲಿ ಮೆಟ್ಕೊಂಡು ಹೋಗಿದೀನಿ.”

ಸಾಹೇಬರ ಹಿಮ್ಮಡಿ ಸವೆದ ಚಪ್ಪಲಿ ಮೆಟ್ಟಿಲ ಮೇಲೇ ಉಳಿದಿತ್ತು.

“ಅಳತೆ ಸರಿಯಾಗಿದೆಯಾ?” ಎಂದೆ.

“ನನಗೇ ಹೊಲಿಸಿದ ಹಾಗಿದೆ.”

ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡೆ. “ಹಾಗಾದ್ರೆ ಹಾಕ್ಕೊಂಡೇ ಹೋಗಿ.”

ಸಾಹೇಬರು ಚಪ್ಪಲಿ ಬಿಟ್ಟು ಒಳಗೆ ಬಂದು ಕುರ್ಚಿಯಲ್ಲಿ ಕೂತರು.

“ಬರೀ ‘ಹೋಗಿ’ ಅಂದ್ಬಿಟ್ರಲ್ಲ ಟೀಚರ್. ಇನ್ನೊಂದು ಲೋಟ ಕಾಫಿ ತನ್ನಿ. ಮತ್ತೆ ಮೊದಲಿಂದ.”