ನಾಲ್ಕು ಬೆರಳಿನ ಫೋಟೋ

ಮತದಾನದ ದಿನ ಬಂದರೆ ಸಾಕು, ರಾಯಚೂರಿನ ನಮ್ಮ ಬಡಾವಣೆಯಲ್ಲಿ ನಾನು ಬಾಯಿ ಮೇಲೆ ಕೈ ಇಟ್ಟುಕೊಳ್ಳುವಂಥದ್ದು ಏನಾದರೂ ನಡೆದೇ ನಡೆಯುತ್ತದೆ. ನಾನು ಆ ಕಾಲಕ್ಕೇ ರಾಜ್ಯಶಾಸ್ತ್ರ ಓದಿ ಬಿ.ಎ. ಮುಗಿಸಿದವಳು. ಪ್ರತಿ ಚುನಾವಣೆಯ ಸಂಜೆ ಮನೆಯ ನಾಲ್ವರ ಶಾಯಿ ಹಚ್ಚಿದ ಬೆರಳುಗಳ ಫೋಟೋ ತೆಗೆದು, ತಾರೀಖು ಬರೆದು ಇಟ್ಟಿದ್ದೇನೆ. ದೇವದುರ್ಗದಲ್ಲಿರುವ ಮೈದುನನ ಹೆಂಡತಿಗೂ ಕಳಿಸುತ್ತೇನೆ. ಅವಳೂ ತಮ್ಮ ಮನೆಯದನ್ನು ಕಳಿಸುತ್ತಾಳೆ. ಒಂದು ಬೆರಳು ಕಡಿಮೆಯಾದರೆ ಮುಂದಿನ ಚುನಾವಣೆಯವರೆಗೂ ಅವಳ ಚುಚ್ಚುಮಾತು ಕೇಳಬೇಕು.

ಸಾಕಾತಲ್ಲ

ಈ ಸಲ ಮಗ ಸೋಫಾದಿಂದಲೇ ಏಳಲಿಲ್ಲ.

"ಅವ್ವಾ, ಬಿಸಲು ನೋಡು. ಮೊಬೈಲ್‌ನಾಗ ಟೋಕನ್ ತಗೊಳ್ಳಾಕ ಬರಂಗಿಲ್ಲೇನು?"

"ಬೂತಿಗೆ ಮೊದ್ಲು ಎಸಿ ಹಾಕಿಸ್ಲಿ, ಆಮ್ಯಾಲ ನೋಡೋಣು" ಎಂದರು ನಮ್ಮೆಜಮಾನರು.

ಅಷ್ಟರಲ್ಲಿ ಅಡುಗೆಯಾಕೆ ಬಂದಳು. ಬೆಳಗಿನ ಮೊದಲ ಬಸ್ಸಿಗೆ ತನ್ನೂರು ಹಿರೇಕೊಟ್ನೆಕಲ್‌ಗೆ ಹೋಗಿ, ವೋಟು ಹಾಕಿ, ನಮ್ಮ ಊಟದ ಹೊತ್ತಿಗೆ ತಿರುಗಿ ಬಂದಿದ್ದಳು.

"ಮಂದಿ ಭಾಳ ಇತ್ತೇನು?" ಮಗ ಕೇಳಿದ.

"ಊರಿಗೂರೇ ಬಂದಿತ್ತಪ್ಪಾ."

ಮಗ ನನ್ನ ಕಡೆ ತಿರುಗಿದ. "ನೋಡವ್ವಾ, ಅಷ್ಟು ಮಂದಿ ಹಾಕ್ಯಾರ. ಸಾಕಾತಲ್ಲ!"

ಮೆರೂನ್

ಸೊಸೆಯದು ಬೇರೆ ತೊಂದರೆ. "ಅತ್ತಿ, ನಾಳೆ ಲಗ್ನಕ್ಕ ಹೋಗಬೇಕು. ಹಸರು ಸೀರಿಗೆ ಆ ಶಾಯಿ ಹೊಂದಂಗಿಲ್ಲ."

"ಯಾವ ಬಣ್ಣ ಬೇಕಿತ್ತವ್ವಾ ನಿನಗ?"

ಅವಳು ನಿಜವಾಗಿಯೂ ಯೋಚಿಸಿದಳು! "ಮೆರೂನ್ ಇದ್ರ ಹೋಗ್ತಿದ್ದೆ."

ಪಗಾರದ ಕೆಲಸ

ತಲೆ ಕೆಟ್ಟು ಒಬ್ಬಳೇ ಬೂತಿಗೆ ಹೋಗಿ ಬಂದೆ. ಎದುರುಮನೆಯಾಕೆ ಗೇಟಿನಲ್ಲಿ ನಿಂತಿದ್ದರು.

"ನೀವು ಹೋಗಲಿಲ್ಲೇನ್ರೀ?"

"ಕೆಲಸದಾಕಿ ಕೈಯಾಗ ನನ್ನ ವೋಟರ್ ಕಾರ್ಡ್ ಕೊಟ್ಟು ಕಳಿಸೀನ್ರೀ. ಲೈಟ್ ಬಿಲ್ ಕಟ್ಟಾಕ ಆಕೀನೇ ಹೋಗ್ತಾಳ, ಗುಡಿಗೆ ಕಾಯಿ ಒಡಸಾಕ ಆಕೀನೇ ಹೋಗ್ತಾಳ."

ಕೆಲಸದಾಕೆ ಆಗಲೇ ಕಾರ್ಡು ಹಿಡಿದು ವಾಪಸು ಬಂದಳು. "ಅಕ್ಕಾರ, ನೀವೇ ಬರಬೇಕಂತ್ರಿ. ನನ್ನ ಬೈದು ಕಳಿಸಿದ್ರು."

"ನಾನೇ ಹೋಗೋದಾದ್ರ ನಿನಗ್ಯಾಕ ಪಗಾರ ಕೊಡಬೇಕು?" ಎಂದರು ಎದುರುಮನೆಯಾಕೆ.

ಫೋಟೋ

ಸಂಜೆ ಮತದಾನ ಮುಗಿಯಿತು. ನಮ್ಮ ಮನೆಯಲ್ಲಿ ಶಾಯಿ ಇದ್ದದ್ದು ನನ್ನೊಬ್ಬಳ ಬೆರಳಿಗೆ. ಅಷ್ಟೊತ್ತಿಗೆ ದೇವದುರ್ಗದ ಫೋಟೋ ಬಂದೇ ಬಿಟ್ಟಿತು, ಒಂದು ಬೆರಳೂ ಕಡಿಮೆಯಿಲ್ಲದೆ! ಕೆಳಗೆ "ನಿಮ್ಮದು ಎಲ್ಲಿ ಅಕ್ಕಾ?" ಎಂಬ ಪ್ರಶ್ನೆ ಬೇರೆ.

ಅಡುಗೆಯಾಕೆಯನ್ನು ಕರೆದೆ. ವಾಚ್‌ಮನ್‌ನನ್ನು ಕರೆದೆ. ಬೀದಿ ಮೂಲೆಯಲ್ಲಿ ಇಸ್ತ್ರಿ ಮಾಡುವ ಚಾಚಾನನ್ನೂ ಕರೆಸಿದೆ. ಮೂವರ ಬೆರಳಿಗೂ ಶಾಯಿ ಇತ್ತು.

"ಅಮ್ಮಾ, ಕೈಗೆಲ್ಲಾ ಇದ್ದಿಲು ಅದ, ತೊಳ್ಕೊಂಡು ಬರ್ಲೇನು?" ಎಂದ ಚಾಚಾ.

"ಬರ್ರಿ ಚಾಚಾ, ಮುಖೇನು ಕಾಣಂಗಿಲ್ಲ, ಬರೇ ಕೈ!"

ಮೂವರ ಜೊತೆ ನನ್ನ ಬೆರಳನ್ನೂ ಸೇರಿಸಿ ಫೋಟೋ ತೆಗೆದು ಕಳಿಸಿ, ನೆಮ್ಮದಿಯಿಂದ ಕುಳಿತೆ. ಕೂಡಲೇ ದೇವದುರ್ಗದಿಂದ ಫೋನ್ ಬಂತು.

"ಅಕ್ಕಾ, ಫೋಟೋ ನೋಡಿ ಭಾಳ ಖುಷಿ ಆತು."

"ಮತ್ತ? ನಾಕಕ್ಕ ನಾಕೂ ಅದಾವ ನೋಡು!"

"ಅದಕ್ಕಲ್ಲಕ್ಕಾ. ಕೈ ನೋಡಿದೆ. ಅಂತೂ ನಿಮ್ಮ ಮನಿ ಮಂದಿ ದುಡಿಯಾಕತ್ತಾರಲ್ಲ!"