ಫಾಲಾಕ್ಷನ ಫೈಲ್ಸ್ ಯಂತ್ರ

“ಕಂಪ್ಯೂಟರಿಗೆ ಕಣ್ಣಿಲ್ಲ ಅಂದೋರು ಯಾರು ಭಾವ? ಇವತ್ತು ನೋಡ್ರಿ!”

ನನ್ನ ಮಗಳು ಶಶಿರೇಖಾಳ ಮದುವೆಯ ಬೆಳಿಗ್ಗೆ, ದಾವಣಗೆರೆಯ ಕಲ್ಯಾಣ ಮಂಟಪದಲ್ಲಿ, ನನ್ನ ಹೆಂಡತಿಯ ತಮ್ಮ ಫಾಲಾಕ್ಷ ಹೀಗೆ ಘೋಷಿಸಿದಾಗ ನಾನು ಮೊದಲು ನನ್ನ ಧೋತರವನ್ನು ಬಿಗಿಯಾಗಿ ಹಿಡಿದುಕೊಂಡೆ. ಟೈಪಿಂಗ್ ಕ್ಲಾಸ್ ಮುಚ್ಚಿ ಕಂಪ್ಯೂಟರ್ ಕ್ಲಾಸ್ ತೆರೆದಾಗಿನಿಂದ ಅವನ ತಲೆ ಒಂದು ಕಡೆ ನಿಂತಿರಲಿಲ್ಲ. ಅವನ ಹಿಂದಿನ ಯಂತ್ರ ಹೋಳಿಗೆ ಲಟ್ಟಿಸಲು ಹೋಗಿ ನನ್ನ ಹೊಸ ಧೋತರವನ್ನು ಲಟ್ಟಿಸಿತ್ತು!

“ಬ್ಯಾಡೋ ಫಾಲಾಕ್ಷ. ಬೀಗರು ಎದುರಿಗೇ ಕುಂತಾರೆ.”

“ಅವರಿಗೇ ತೋರಿಸೋದು!” ಎಂದು ಅವನು ಬಟ್ಟೆ ಕಿತ್ತ ಕೊಡೆಯೊಂದನ್ನು ತಾನು ಹೊತ್ತು ತಂದಿದ್ದ ಕಂಪ್ಯೂಟರಿಗೆ ಸಿಕ್ಕಿಸಿದ. ಮಾತಾಡುವ ಗೊಂಬೆಯಿಂದ ಕಿತ್ತ ಗಂಟಲನ್ನು ಮಂಟಪದ ಮೈಕಿಗೆ ಜೋಡಿಸಿದ. “ಫೈಲ್ ತುಂಬಿಡೋ ಫ್ಲಾಪಿ ಒಳಗೆ ಯಾವ್ಯಾವ ಫೈಲ್ ಐತೆ ಅಂತ ನೋಡಾಕೆ ಪ್ರೋಗ್ರಾಮ್ ಬಿಟ್ಟು ಹೊರಗೆ ಬರಬೇಕಿಲ್ಲ ಭಾವ. ಬೇಸಿಕ್ ಅನ್ನೋ ಕಂಪ್ಯೂಟರ್ ಭಾಷೆನಾಗೆ ‘ಫೈಲ್ಸ್’ ಅಂತ ಒಂದು ಸಾಲು ಬರೆದ್ರೆ ಕುಂತಲ್ಲೇ ಎಲ್ಲಾ ಹೆಸರೂ ಬರ್ತಾವೆ. ನಾನು ಅಂದ್ಕೊಂಡೆ, ಟ್ರಂಕೂ ಒಂದು ಫ್ಲಾಪಿನೇ ಅಲ್ಲೇನು?”

ಕೊಡೆಯನ್ನು ನಮ್ಮ ಟ್ರಂಕಿನ ಕಡೆ ತಿರುಗಿಸಿ ಗುಂಡಿ ಒತ್ತಿದ.

“ಟ್ರಂಕು,” ಎಂದಿತು ಯಂತ್ರ, ಪುಟ್ಟ ಹುಡುಗಿಯ ದನಿಯಲ್ಲಿ. “ರೇಷ್ಮೆ ಸೀರೆ. ರೇಷ್ಮೆ ಸೀರೆ. ನುಸಿಗುಳಿಗೆ.”

ನನ್ನ ಹೆಂಡತಿ ಗಿರಿಜಮ್ಮ ಬೀಗ ತೆಗೆದು ನೋಡಿದಳು. ಅಷ್ಟೂ ನಿಜ! ಸಭೆ ಚಪ್ಪಾಳೆ ತಟ್ಟಿತು. ಅಷ್ಟರಲ್ಲಿ ಫ್ಯಾನಿನ ಗಾಳಿಗೆ ಕೊಡೆ ಗಿರ್ರನೆ ತಿರುಗಿ ಬೀಗರಾದ ಹಾಲಪ್ಪನವರ ಎದುರು ನಿಂತಿತು.

“ಕೋಟು. ಒಳ ಜೇಬು. ಮೈಸೂರು ಪಾಕು. ಮೈಸೂರು ಪಾಕು. ಅರ್ಧ ಮೈಸೂರು ಪಾಕು.”

“ಏನ್ರೀ ಇದು! ಸಕ್ಕರೆ ಕಾಯಿಲೆ ಇಟ್ಕೊಂಡು!” ಎಂದು ಬೀಗಿತ್ತಿ ಅಲ್ಲೇ ಗಂಡನ ಜೇಬಿಗೆ ಕೈ ಹಾಕಿದರು. ಹಾಲಪ್ಪನವರು ನನ್ನನ್ನು ದುರುಗುಟ್ಟಿ ನೋಡಿದರು.

ಆಗಲೇ ಒಳಗಿನಿಂದ ಗಿರಿಜಮ್ಮನ ಚೀರಾಟ ಕೇಳಿಸಿತು. ತಾಳಿ ಕಾಣುತ್ತಿಲ್ಲ!

ತಟ್ಟೆ ಸುರಿದೆವು, ಅಕ್ಕಿ ಜಾಲಾಡಿದೆವು, ಜಮಖಾನ ಕೊಡವಿದೆವು. ಇಲ್ಲ. ಮದುವೆ ಮಾಡಿಸಲು ಬಂದಿದ್ದ ಅಯ್ಯನೋರು ಗಡಿಯಾರ ನೋಡಿ, “ಮುಹೂರ್ತ ಮೀರ್ತೈತ್ರಿ,” ಎಂದರು. ಮೊದಲೇ ಕೆಂಡವಾಗಿದ್ದ ಹಾಲಪ್ಪನವರು ಎದ್ದು ನಿಂತರು.

“ತಾಳಿನೇ ಕಳ್ಕೊಂಡೋರ ಮನೆ ಹೆಣ್ಣು ನಮಗೆ ಬ್ಯಾಡ. ನಡೀರಿ ಎಲ್ಲಾ!”

ಶಶಿರೇಖಾಳ ಕಣ್ಣಲ್ಲಿ ನೀರು ತುಂಬಿತು. ನಾನು ಕೈಮುಗಿಯಲು ಹೊರಟಿದ್ದೆ. ಫಾಲಾಕ್ಷ ನನ್ನ ಕೈ ಹಿಡಿದ.

“ಒಂದೇ ನಿಮಿಷ ಭಾವ. ‘ಫೈಲ್ಸ್’ ಮುಂದೆ ಒಂದು ನಕ್ಷತ್ರದ ಗುರುತು ಹಾಕ್ತೀನಿ. ಆಗ ಒಂದನ್ನೂ ಬಿಡಂಗಿಲ್ಲ, ಇಡೀ ಮಂಟಪ ಓದ್ತೈತೆ!”

“ಇನ್ನೂ ಏನು ಮಾನ ಕಳೀಬೇಕಂತ ಇದ್ದೀಯೋ?” ಎಂದು ನಾನೇ ಅವನ ಕೈ ಹಿಡಿದು ಎಳೆದೆ.

“ಹೋಗೋ ಮಾನ ಹೆಂಗೂ ಹೊಂಟೈತೆ. ಬಿಡ್ರಿ ಕೈಯ!”

ಗುಂಡಿ ಒತ್ತಿಯೇಬಿಟ್ಟ. ಕೊಡೆ ಬುಗುರಿಯಂತೆ ಸುತ್ತಿತು. ಧ್ವನಿವರ್ಧಕ ಗುಡುಗಿತು.

“ಅಡುಗೆಮನೆ. ಹಂಡೆ. ಸಾರು. ಸಾರಿನೊಳಗೆ ಸೌಟು. ಅಡುಗೆಭಟ್ಟರ ಕನ್ನಡಕ.”

“ಅಯ್ಯೋ, ಅಲ್ಲೈತಾ!” ಎಂದು ಅಡುಗೆಮನೆಯಿಂದ ಕೂಗು ಬಂತು.

“ವರನ ಪೇಟ. ಪಾಕೆಟ್ ರೇಡಿಯೋ. ಕ್ರಿಕೆಟ್ ಕಾಮೆಂಟರಿ.”

ಮದುಮಗ ನಾಗಭೂಷಣ ಕಿವಿಯಿಂದ ವೈರು ಕಿತ್ತು ತಲೆ ತಗ್ಗಿಸಿದ. ಅಳುತ್ತಿದ್ದ ನನ್ನ ಮಗಳು ಸೆರಗಿನಲ್ಲಿ ಮೂಗೊರೆಸಿಕೊಂಡು ಮೆಲ್ಲಗೆ ಕೇಳಿದಳು: “ಸ್ಕೋರ್ ಎಷ್ಟಾತು?”

“ಇನ್ನು ಹತ್ತು ರನ್ ಬೇಕು,” ಎಂದ ಅವನು, ಅಷ್ಟೇ ಮೆಲ್ಲಗೆ. ಈ ಹುಡುಗ ಎದ್ದು ಹೋಗುವವನಲ್ಲ ಎಂದು ನನಗೆ ಆಗ ಅನ್ನಿಸಿತು.

“ವಧು,” ಎಂದಿತು ಯಂತ್ರ. ಎಲ್ಲರೂ ಶಶಿರೇಖಾಳ ಕಡೆ ತಿರುಗಿದರು. “ಮೊಗ್ಗಿನ ಜಡೆ. ಜಡೆಯೊಳಗೆ ಮಲ್ಲಿಗೆ. ಮಲ್ಲಿಗೆಯೊಳಗೆ ದಾರ. ದಾರದೊಳಗೆ ತಾಳಿ!”

ಗಿರಿಜಮ್ಮ ಓಡಿದಳು. ಜಡೆ ಹೆಣೆಯುವಾಗ ಹೂವಿನ ತಟ್ಟೆಗೆ ಜಾರಿದ್ದ ತಾಳಿ ಮೊಗ್ಗಿನ ಜೊತೆಗೇ ಹೆಣೆದುಕೊಂಡಿತ್ತು. ಅವಳು ಅದನ್ನು ಎತ್ತಿ ಹಿಡಿದಾಗ ಎದ್ದ ಕೇಕೆಗೆ ಚಪ್ಪರದ ತೋರಣವೇ ಅಲ್ಲಾಡಿತು! ಹಾಲಪ್ಪನವರು ಫಾಲಾಕ್ಷನನ್ನು ಎರಡೂ ಕೈಯಲ್ಲಿ ಎತ್ತಿ, “ಭೇಷ್ ಹುಲಿ!” ಎಂದರು. ಗಟ್ಟಿಮೇಳ ಮೊಳಗಿತು. ಮಗಳ ಕೊರಳಿಗೆ ತಾಳಿ ಬಿತ್ತು. ನಾನು ಮಗುವಿನಂತೆ ಅತ್ತುಬಿಟ್ಟೆ.

ಯಂತ್ರ ಮಾತ್ರ ನಿಲ್ಲಲಿಲ್ಲ. ಮಂಟಪದಲ್ಲಿ ಓದಲು ಉಳಿದದ್ದು ಅದೊಂದೇ ಆದ್ದರಿಂದ ಈಗ ತನ್ನನ್ನೇ ಓದತೊಡಗಿತು.

“ಮಂಟಪ. ಮಂಟಪದೊಳಗೆ ಕಂಪ್ಯೂಟರ್. ಕಂಪ್ಯೂಟರಿನೊಳಗೆ ಮಂಟಪ. ಮಂಟಪದೊಳಗೆ ಕಂಪ್ಯೂಟರ್...”

“ನಿಲ್ಲಿಸೋ ಅದನ್ನ!”

“ನಿಲ್ಲಿಸೋ ಸಾಲು ಬರೆಯೋದೇ ಮರ್ತೀನಿ ಭಾವ!”

ವೇಗ ಏರಿತು. ಡೋಲಿನವರು ಅದನ್ನೇ ತಾಳವೆಂದು ಹಿಡಿದು ಬಾರಿಸತೊಡಗಿದರು. ಮಕ್ಕಳು ಕುಣಿದರು, ಹಾಲಪ್ಪನವರೂ ಕುಣಿದರು! ಕೊನೆಗೆ ಕಂಪ್ಯೂಟರಿನ ನೆನಪಿನ ಜಾಗವೆಲ್ಲ ಭರ್ತಿಯಾಗಿ, ಕೊಡೆಯಿಂದ ಹೊಗೆಯೆದ್ದು, ಧ್ವನಿವರ್ಧಕ ಬೀದಿಗೆಲ್ಲ ಕೇಳುವಂತೆ ಕಿರುಚಿತು:

“ಜಾಗ ಇಲ್ಲ! ಜಾಗ ಇಲ್ಲ! ಜಾಗ ಇಲ್ಲ!”

“ಪಂಕ್ತಿನಾಗೆ ಜಾಗ ಇಲ್ಲಂತೆ!” ಎಂದು ಯಾರೋ ಕೂಗಿದರು. ಮರುಕ್ಷಣ ನೆಂಟರು, ಇಷ್ಟರು, ಡೋಲಿನವರು, ಅಯ್ಯನೋರು, ಕೊನೆಗೆ ವಧೂವರರು ಸಹ ಊಟದ ಹಾಲಿಗೆ ಧಾವಿಸಿದರು!

ನಮ್ಮ ವಂಶದ ಮದುವೆಗಳಲ್ಲಿ ಯಾರನ್ನೂ ‘ಊಟಕ್ಕೇಳಿ’ ಎಂದು ಕರೆಯದೆ ಪಂಕ್ತಿ ತುಂಬಿದ್ದು ಅದೊಂದೇ.