ಎಲ್ಲ ಫ್ಲಾಪಿಗೂ ಕುಂಕುಮ

ನಮ್ಮ ಚಿಕ್ಕಪ್ಪನ ಕೈಗೆ ಫ್ಲಾಪಿ ಕೊಟ್ಟವರು ಅದರಲ್ಲಿದ್ದುದನ್ನು ಅಂದೇ ಮರೆತುಬಿಡುವುದು ಒಳ್ಳೆಯದು. ಚಿಕ್ಕಪ್ಪ ಕಿಡಿಗೇಡಿಯೇನಲ್ಲ. ಎಲ್ಲವನ್ನೂ ಜೋಪಾನ ಮಾಡಬೇಕೆಂಬ ಹುಚ್ಚು, ಅಷ್ಟೇ! ಯಾವುದನ್ನು ಕಂಡರೂ ಒಂದು ಕಾಪಿ ತೆಗೆದಿಡಬೇಕು. ತೆಗೆಯುವಾಗಲೇ ಅಸಲು ಮಾಯವಾಗುತ್ತಿತ್ತು.

ತೊಂಬತ್ತರ ದಶಕದ ಮೊದಲ ವರ್ಷಗಳು. ಚಿಕ್ಕಪ್ಪ ಬಂಗಾರಪೇಟೆಯ ಮನೆಯಿಂದ ಮಾರಿಕುಪ್ಪಂ ರೈಲು ಹಿಡಿದು ಕೆಜಿಎಫ್‌ನ ಕಾರ್ಖಾನೆಯೊಂದಕ್ಕೆ ಕೆಲಸಕ್ಕೆ ಹೋಗುತ್ತಿದ್ದರು. ಅಲ್ಲಿ ಹಳತಾಯಿತೆಂದು ಹರಾಜು ಹಾಕಿದ ಕಂಪ್ಯೂಟರೊಂದನ್ನು ತಂದು ನಡುಮನೆಯಲ್ಲಿ ಕೂರಿಸಿದ್ದರು. ಅದಕ್ಕೆ ಫ್ಲಾಪಿ ತೂರಿಸುವ ಬಾಯಿ ಒಂದೇ. ಕಪ್ಪು ಪರದೆಯ ಮೇಲೆ ಕಾಪಿ ಮಾಡೆಂದು ಟೈಪು ಮಾಡಿ, ಮೊದಲು ತುಂಬಿದ ಫ್ಲಾಪಿ ಹಾಕಬೇಕು. ಅದನ್ನು ತೆಗೆದು ಆಮೇಲೆ ಖಾಲಿಯದನ್ನು ಹಾಕಬೇಕು. ಅದಲುಬದಲಾದರೆ ಮುಗಿಯಿತು. ಯಂತ್ರವೇನೋ ಪಾಪ, ಹಾಕಿದ್ದು ಸರಿಯೇ, ಇದರಲ್ಲಿರುವುದನ್ನು ಅಳಿಸಲೇ ಎಂದು ನಿಂತು ನಿಂತು ಕೇಳುತ್ತಿತ್ತು. ಓದುವ ತಾಳ್ಮೆ ಯಾರಿಗಿದೆ? ಚಿಕ್ಕಪ್ಪ ಪ್ರಶ್ನೆ ಮೂಡುವ ಮೊದಲೇ ಗುಂಡಿ ಒತ್ತುತ್ತಿದ್ದರು.

ನನ್ನ ಕಾಲೇಜಿನ ಪ್ರಾಜೆಕ್ಟ್ ವರದಿಯನ್ನು "ಬದ್ರವಾಗಿರ್ಲಿ, ಕೊಡ್ಲಾ ಇಲ್ಲಿ" ಎಂದು ಕಸಿದುಕೊಂಡು, ಖಾಲಿ ಫ್ಲಾಪಿಯನ್ನೇ ಮೊದಲು ಹಾಕಿದರು. ಯಂತ್ರ ಆ ಖಾಲಿಯನ್ನು ಚಾಚೂ ತಪ್ಪದೆ ನನ್ನ ವರದಿಯ ಮೇಲೆ ನಕಲು ಮಾಡಿತು! "ನೋಡ್ಲಾ, ಎಲ್ಡೂ ಒಂದೇ ತರ ಅವೆ" ಎಂದು ಬೇರೆ ತೋರಿಸಿದರು. ಪಕ್ಕದ ಮನೆಯವರ ಮಗಳ ಲಗ್ನಪತ್ರಿಕೆಗೂ ಇದೇ ಗತಿ. ಅವರ ಫ್ಲಾಪಿ ತೆರೆದರೆ, ಚಿಕ್ಕಪ್ಪ ಖಾಲಿಯೆಂದುಕೊಂಡ ಫ್ಲಾಪಿಯಲ್ಲಿದ್ದ ಹಾವಿನ ಆಟ ಬಂತು. ಮದುವೆ ಮಾತ್ರ ನಡೆಯಿತು, ಬಿಡಿ.

ಕೊನೆಗೆ ಚಿಕ್ಕಪ್ಪ ಒಂದು ಉಪಾಯ ಕಂಡುಕೊಂಡರು. ತುಂಬಿದ ಫ್ಲಾಪಿಗೆ ಕುಂಕುಮದ ಬೊಟ್ಟು, ಖಾಲಿಯದಕ್ಕೆ ಏನೂ ಇಲ್ಲ. ಕೆಲವು ತಿಂಗಳು ಯಾರ ಮನೆಯೂ ಹಾಳಾಗಲಿಲ್ಲ.

ಆ ವರ್ಷವೇ ಚಿಕ್ಕಮ್ಮನಿಗೆ ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿತು. ಬೀದಿಯಲ್ಲೆಲ್ಲ ಅವರ ರಂಗೋಲಿಗೆ ಸಾಟಿ ಇರಲಿಲ್ಲ. ರಂಗೋಲಿಯಿಲ್ಲದ ಅಂಗಳ ನೋಡಲಾರದೆ ಅವರು ಮುಂಬಾಗಿಲಿಗೆ ಬರುವುದನ್ನೇ ಬಿಟ್ಟರು. ಆಗ ಚಿಕ್ಕಪ್ಪ ಕಂಪ್ಯೂಟರಿನ ಮುಂದೆ ಕೂತರು. ಚಿಕ್ಕಮ್ಮ ನೆನಪಿನಿಂದ ಚುಕ್ಕಿ, ಗೆರೆ ಹೇಳುವುದು. ಚಿಕ್ಕಪ್ಪ ಅದು ಪರದೆಯ ಮೇಲೆ ಮೂಡುವಂತೆ ಮಾಡುವುದು. ಹೀಗೆ ಅವರ ರಂಗೋಲಿಗಳೆಲ್ಲ ಒಂದು ಫ್ಲಾಪಿಗೆ ಸೇರಿದವು. ಸಂಜೆ ಪರದೆಯಲ್ಲಿ ತಾವರೆ ಮೂಡಿದರೆ ಚಿಕ್ಕಮ್ಮ ನಗುತ್ತಿದ್ದರು. ಅವರು ನಗುತ್ತಿದ್ದುದು ಅದೊಂದಕ್ಕೇ.

ಆಯುಧಪೂಜೆ ಬಂತು. ಚಿಕ್ಕಮ್ಮ ಎಡಗೈಯಲ್ಲೇ ಈಳಿಗೆಮಣೆ, ಸೈಕಲ್ಲು, ಕಂಪ್ಯೂಟರು, ಎಲ್ಲಕ್ಕೂ ಕುಂಕುಮ ಇಟ್ಟರು. ಫ್ಲಾಪಿಗಳು ಏನು ಪಾಪ ಮಾಡಿದ್ದವು? ಡಬ್ಬದಲ್ಲಿದ್ದ ಒಂದನ್ನೂ ಬಿಡಲಿಲ್ಲ!

ಮಾರನೆಯ ದಿನ ಚಿಕ್ಕಪ್ಪ ರಂಗೋಲಿಗಳಿಗೊಂದು ಕಾಪಿ ಇರಲಿ ಎಂದು ಕೂತರು. ಎರಡು ಫ್ಲಾಪಿಯಲ್ಲೂ ಕುಂಕುಮ ಕಂಡು ಗಲಿಬಿಲಿಯಾಯಿತು. ಯಾವುದರ ಬೊಟ್ಟು ದೊಡ್ಡದೋ ಅದೇ ಅಸಲು ಎಂದು ತೀರ್ಮಾನಿಸಿ ಹಾಕಿದರು. ಯಂತ್ರ ಎಂದಿನಂತೆ ಕೇಳಿತು. ಚಿಕ್ಕಪ್ಪ ಎಂದಿನಂತೆ ಒತ್ತಿದರು.

ತಾವರೆ, ನವಿಲು, ತೇರು, ಒಂದೂ ಉಳಿಯಲಿಲ್ಲ. ಚಿಕ್ಕಪ್ಪ ಎರಡೂ ಫ್ಲಾಪಿ ಹಿಡಿದುಕೊಂಡು ಅತ್ತೇಬಿಟ್ಟರು. ನಾನು ಅಲ್ಲೇ ಇದ್ದೆ; ನನಗೂ ನಗು ಬರಲಿಲ್ಲ.

"ಓಗ್ಲಿ ಬಿಡ್ರೀ. ನಾನು ದಿನಾ ಅಳಿಸಿ ದಿನಾ ಆಕ್ತಿರ್ಲಿಲ್ವಾ?" ಎಂದರು ಚಿಕ್ಕಮ್ಮ.

ಮರುದಿನ ಬೆಳಿಗ್ಗೆ ಚಿಕ್ಕಪ್ಪ ಪಂಚೆ ಎತ್ತಿಕಟ್ಟಿ, ರಂಗೋಲಿ ಪುಡಿ ಹಿಡಿದು ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತರು. ಹಾಲಿನವನು ಸೈಕಲ್ಲು ನಿಲ್ಲಿಸಿ, "ಏನಣ್ಣಾ, ಇದೂ ಕಾಪಿನಾ?" ಎಂದು ನಕ್ಕ. ಅಷ್ಟು ದಿನಗಳ ಮೇಲೆ ಚಿಕ್ಕಮ್ಮ ಮುಂಬಾಗಿಲಿಗೆ ಬಂದು ಕುರ್ಚಿ ಹಾಕಿಸಿಕೊಂಡರು.

"ಆ ಚುಕ್ಕಿ ಬಿಟ್ರಿ. ಈ ಕಡೆ ಎಳೀರಿ. ಅಯ್ಯೋ, ಅದು ತಾವರೇನಾ, ಎಲೆಕೋಸಾ?"

ಅಂದಿನಿಂದ ದಿನವೂ ಚಿಕ್ಕಪ್ಪನದೇ ರಂಗೋಲಿ. ಬೆಳಿಗ್ಗೆ ಚೊಂಬಿನಲ್ಲಿ ನೀರು ಹಿಡಿದು ಹೊಸ್ತಿಲಾಚೆ ನಿಲ್ಲುತ್ತಿದ್ದರು. ನಿನ್ನೆಯದರ ಮೇಲೆ ಚೆಲ್ಲುವ ಮೊದಲು, "ಅಳಿಸ್ಲೇನೆ?" ಎಂದು ಕೇಳುತ್ತಿದ್ದರು. ಚಿಕ್ಕಮ್ಮ ಕುರ್ಚಿಯಲ್ಲಿ ಕೂತು ಸಾವಕಾಶವಾಗಿ ಅದನ್ನೆಲ್ಲ ನೋಡಿ "ಊಂ" ಎನ್ನುವವರೆಗೆ ಚಿಕ್ಕಪ್ಪ ಚೊಂಬು ಹಿಡಿದು ಕಾಯುತ್ತಿದ್ದರು.